ಬಿಯರ್ ಗಾರ್ಡನ್ ಸಮೀಕ್ಷೆ

ಮದ್ಯಪಾನ ವಿರೋಧಿ ಸಂಘದ ಕಾರ್ಯದರ್ಶಿಗಳು ಮೂರು ದಿನ ನಗರದಲ್ಲಿದ್ದು, ಮುಚ್ಚಿಸಬೇಕಾದ ಬಿಯರ್ ಗಾರ್ಡನ್‌ಗಳ ಸಮೀಕ್ಷಾ ವರದಿಯನ್ನು ಸಿದ್ಧಪಡಿಸಿ ತಂದಿದ್ದರು. ಅದನ್ನು ಓದುತ್ತಿದ್ದ ಅಧ್ಯಕ್ಷರ ಹುಬ್ಬು ಮೇಲೇರಿತು.

“‘ಹೊಂಗೆಯ ನೆರಳು ಹಿತಕರ, ಬಿಯರ್ ಹದವಾಗಿ ತಂಪಾಗಿರುತ್ತದೆ, ಸಂಜೆ ಐದರ ನಂತರ ಹೋಗುವುದು ಉತ್ತಮ.’ ಏನ್ರೀ ಇದು? ಕುಡಿದ್ರಾ?”

ಕಾರ್ಯದರ್ಶಿಗಳ ಹದಿನೆಂಟು ವರ್ಷಗಳ ಹುದ್ದೆ ಕೈತಪ್ಪುವಂತಿತ್ತು.

“ಛೆ ಛೆ! ಗ್ಲಾಸನ್ನ ಬರೀ ಮುಟ್ಟಿ ನೋಡ್ದೆ ಸಾರ್. ಸಮೀಕ್ಷೆ ಅಂದ್ಮೇಲೆ ನಿಖರವಾಗಿರ್ಬೇಕಲ್ವೇ?”

“ನಿಖರವೇ? ಮರದಡಿ ನಾಲ್ಕು ಮೇಜು ಅಂತ ಬರ್ದಿದ್ದೀರಿ.”

“ನಾನೇ ಎಣಿಸಿದ್ದು ಸಾರ್.”

ಅಧ್ಯಕ್ಷರು ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು.

“ಐದಿವೆ ಕಣ್ರೀ. ಮರದ ಹಿಂದಿನ ಮೇಜನ್ನೂ ನೋಡಿದ್ದಿದ್ರೆ ನಾನೂ ಕಾಣಿಸ್ತಿದ್ದೆ.”