ಸೊನ್ನೆ ಬಂದ ಊರು

“ಬಂಡೆಪಾಳ್ಯ ಹನ್ನೊಂದು. ಕೋಡಿಹಟ್ಟಿ ಸೊನ್ನೆ,” ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಂಜನ್ ಕುಮಾರ್ ಓದಿದರು. ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ಕುಸಿದು ಬಿದ್ದವರನ್ನು ಆಶಾ ಕಾರ್ಯಕರ್ತೆಯರು ಊರೂರಿನಲ್ಲಿ ಎಣಿಸಿ ತಂದಿದ್ದರು. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಬೇಸಿಗೆಗಾಗಿ ಪಾವಗಡ ತಾಲ್ಲೂಕಿನ ಆ ಪಂಚಾಯಿತಿ ಮಾಡಿಕೊಂಡ ಯೋಜನೆಯಲ್ಲಿ ಎರಡು ತಂಪು ಕೊಠಡಿಗಳಿದ್ದವು. ಒಂದೊಂದರಲ್ಲಿ ಎರಡು ಕೂಲರ್, ನಾಲ್ಕು ಮಂಚ, ಕುಡಿಯುವ ನೀರು. ಹೆಚ್ಚು ಜನ ಬಿದ್ದ ಊರೆಂದು ಮೊದಲನೆಯದು ಬಂಡೆಪಾಳ್ಯಕ್ಕೆ ಹೋಯಿತು. ಎರಡನೆಯದನ್ನು ಮೇ ತಿಂಗಳ ಪಟ್ಟಿ ನೋಡಿ ಕೊಡುವುದೆಂದು ತೀರ್ಮಾನವಾಯಿತು.

ಬಂಡೆಪಾಳ್ಯದ ಆಶಾ ಮಹಾಲಕ್ಷ್ಮಮ್ಮ ಎದ್ದು ಸಭೆಗೆ ಕೈಮುಗಿದಳು. ಚಪ್ಪಾಳೆ ಬಿತ್ತು. ಕೋಡಿಹಟ್ಟಿಯ ವೇದಾವತಿ ಚಪ್ಪಾಳೆ ತಟ್ಟಲಿಲ್ಲ. ಇಬ್ಬರದೂ ಒಂದೇ ಗುಲಾಬಿ ಸೀರೆ, ಒಂದೇ ದಿನದ ತರಬೇತಿ. ಹನ್ನೆರಡರಿಂದ ನಾಲ್ಕರವರೆಗೆ ಮಹಾಲಕ್ಷ್ಮಮ್ಮ ಹೊಸ್ತಿಲು ದಾಟುವವಳಲ್ಲ. ಬಿದ್ದವರ ಹೆಸರನ್ನು ಸಂಜೆ ವಿಚಾರಿಸಿ ಬರೆದುಕೊಳ್ಳುವವಳು. ಅದೇ ನಾಲ್ಕು ಗಂಟೆಗಳ ಕಾಲ ವೇದಾವತಿ ನೀರಿನ ಬಾಟಲಿ ಹಿಡಿದು ಬಯಲಿನಲ್ಲಿ ಇರುತ್ತಿದ್ದಳು.

“ಸಾರ್, ನಮ್ಮೂರಾಗೆ ಯಾರೂ ಬೀಳ್ಲಿಲ್ಲ ಅಂದ್ರೆ ಬಿಸ್ಲಿಲ್ಲ ಅಂತಲ್ಲ,” ಎಂದಳು ವೇದಾವತಿ. “ಬೀಳಾಕೆ ಮುಂಚೇನೇ ನೆಳ್ಳಿಗೆ ಕೂರ್ಸಿ ಉಪ್ಪು ಸಕ್ಕರೆ ನೀರು ಕುಡಿಸ್ತೀನಿ. ನಮ್ಮವು ಎಲ್ಲಾ ಶೀಟಿನ ಮನೆ ಸಾರ್. ಮದ್ಯಾನ ಬಸುರಿ ಬಾಣಂತೀರು ಒಳಗೆ ಕೂರಂಗಿಲ್ಲ.”

“ಒಳ್ಳೆ ಕೆಲಸ ಕಣಮ್ಮ, ನಾನೇನು ಇಲ್ಲ ಅಂದ್ನಾ? ಆದ್ರೆ ಅದನ್ನ ಎಲ್ಲಿ ಬರೀಲಿ? ನಮೂನೆಯಲ್ಲಿ ಬಿದ್ದೋರಿಗೆ ಕಾಲಂ ಇದೆ, ಬೀಳದೆ ಇದ್ದೋರಿಗೆ ಇಲ್ಲ,” ಎಂದು ಅಂಜನ್ ಕುಮಾರ್ ಹಾಳೆ ಮಡಿಸಿದರು.

ಹೊರಗೆ ಚಪ್ಪಲಿ ಮೆಟ್ಟುತ್ತ ಮಹಾಲಕ್ಷ್ಮಮ್ಮ ಕೇಳಿದಳು: “ಏನೇ ವೇದಾ, ನಿಮ್ಮೂರಾಗೆ ಸೂರ್ಯ ಹುಟ್ಟಲ್ವೇನೇ?”

“ಹುಟ್ತಾನೆ ಬುಡಕ್ಕ. ಅವ್ನ ಜತೆಗೆ ಆಶಾನೂ ಎದ್ದಿರ್ತಾಳೆ.”

“ಅದ್ಕೇ ಕಣಮ್ಮ ನಿಂಗೆ ಸೊನ್ನೆ!” ಎಂದು ಅವಳು ನಕ್ಕಳು.

ಎಂಟು ದಿನದ ಬಳಿಕ ಔಷಧಿಯ ಪೆಟ್ಟಿಗೆ ತರಲು ವೇದಾವತಿ ಬಂಡೆಪಾಳ್ಯಕ್ಕೆ ಹೋಗಬೇಕಾಯಿತು. ತಂಪು ಕೊಠಡಿಗೆಂದು, ಖಾಲಿ ಬಿದ್ದಿದ್ದ ಶಾಲೆಯ ಕೋಣೆಗೆ ಸುಣ್ಣ ಬಳಿದಿದ್ದರು. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮಹಾಲಕ್ಷ್ಮಮ್ಮನ ಹೆಸರಿತ್ತು. ನಾಲ್ಕು ಮಂಚಗಳಲ್ಲಿ ಮೂರು ಖಾಲಿ. ನಾಲ್ಕನೆಯದರ ಮೇಲೆ, ಕೂಲರಿನ ಗಾಳಿಗೆ ಸೆರಗು ಹಾರಿಸಿಕೊಂಡು, ಮಹಾಲಕ್ಷ್ಮಮ್ಮನೇ ಮಲಗಿದ್ದಳು. “ಬಾರೇ, ತಣ್ಣಗೆ ಒಂದ್ಲೋಟ ಕುಡಿ,” ಎಂದಳು. ವೇದಾವತಿ ಲೋಟ ಹಿಡಿದಳು. ಒಂದು ಗುಟುಕು ಕುಡಿದು ಕೆಳಗಿಟ್ಟು, ಪೆಟ್ಟಿಗೆ ಎತ್ತಿಕೊಂಡಳು. ಹಿಂದಿರುಗುವ ದಾರಿಯುದ್ದಕ್ಕೂ ಅವಳ ಕಣ್ಣಿಗೆ ಬಿಸಿಲು ಕಾಣಲಿಲ್ಲ. ನೀಲಿ ಅಕ್ಷರಗಳು ಕಂಡವು.

ಮರುದಿನ ಮಧ್ಯಾಹ್ನ ಅವಳು ಎಂದಿನಂತೆ ಕೋಡಿಹಟ್ಟಿಯ ಕೆರೆಗೆ ಹೋದಳು. ಉದ್ಯೋಗ ಖಾತ್ರಿಯ ಹೂಳು ತೆಗೆಯುವ ಕೆಲಸ ನಡೆದಿತ್ತು. ಉಳಿದವರು ಬುತ್ತಿ ಬಿಚ್ಚಲು ಏರಿಯ ಆಚೆಗೆ ಹೋಗಿದ್ದರು. ಅರವತ್ತೆಂಟು ವರ್ಷದ ಪರ್ವತಯ್ಯ ಒಬ್ಬನೇ ತನ್ನ ಪಾಲಿನ ಗುಂಡಿಯನ್ನು ಮುಗಿಸುತ್ತಿದ್ದ. ಸನಿಕೆ ಊರಿ ನಿಂತ. ಹಣೆ ಒರೆಸಿಕೊಂಡ, ಹಣೆಯಲ್ಲಿ ಬೆವರಿರಲಿಲ್ಲ. ಬೆವರು ನಿಂತ ಮೇಲೆ ಆ ವಯಸ್ಸಿನವರು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನಾಲ್ಕು ಬೇಸಿಗೆಗಳಲ್ಲಿ ವೇದಾವತಿ ಕಲಿತ ಲೆಕ್ಕ ಅದು. ಆ ಲೆಕ್ಕ ಬಲ್ಲದ್ದರಿಂದಲೇ ಅವಳು ಪ್ರತಿ ಸಲವೂ ಓಡುತ್ತಿದ್ದಳು.

ಇಂದು ಅವಳು ಹುಣಸೆಮರದ ಕೆಳಗೆ ನಿಂತಳು. ನೀರು ತುಂಬಿದ ಬಾಟಲಿ ಹೆಗಲಿನಲ್ಲಿತ್ತು. ಕೈ ಅದಕ್ಕೆ ಹೋಗದೆ ಚೀಲದೊಳಗಿನ ಮೇ ತಿಂಗಳ ಪಟ್ಟಿಗೆ ಹೋಯಿತು. ಕ್ರಮ ಸಂಖ್ಯೆ ಒಂದು. ಹೆಸರು, ಪರ್ವತಯ್ಯ. ವಯಸ್ಸು, ಅರವತ್ತೆಂಟು. ಕುಸಿದು ಬಿದ್ದ ಸಮಯ ಎಂಬಲ್ಲಿ ಹನ್ನೆರಡು ನಲವತ್ತೈದು ಎಂದು ಬರೆದಳು. ಅವಳ ಕೈಗಡಿಯಾರದಲ್ಲಿ ಆಗ ಹನ್ನೆರಡು ಮೂವತ್ತೆಂಟು.

ತಲೆಯೆತ್ತಿದಾಗ ಪರ್ವತಯ್ಯ ಅವಳನ್ನೇ ನೋಡುತ್ತಿದ್ದ. ಸನಿಕೆಯ ಹಿಡಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದ. ತುಟಿ ಒಣಗಿತ್ತು, ಆದರೂ ನಗಲು ನೋಡಿದ.

“ನಿಧಾನಕ್ಕೆ ಬರ್ಕಳವ್ವ,” ಎಂದ. “ನೀನು ನೀರು ತರೋಗಂಟ ನಾನು ಬೀಳಾಕಿಲ್ಲ.”