ಸಾಲಿಗೆ ಸೇರದ ಬೀದಿ

"ಆ ಟ್ಯಾಕ್ಸಿ ಸ್ಟ್ಯಾಂಡ್ ಬೀದಿ ಒಂದನ್ನ ಪಟ್ಟಿಯಿಂದ ತೆಗೆದುಬಿಡಮ್ಮಾ. ನಾಳೆ ವರದಿ ಕೊಡಬೇಕು."

ಮೇಡಂ ಹೇಳಿದ್ದು ಮೆಲ್ಲಗೇ. ಆದರೂ ಹುಡುಗಿ ಅದನ್ನು ತೆಗೆಯಲಿಲ್ಲ. ಸಂಜೆ ಕಾಲೇಜಿನಲ್ಲಿ ಓದಿ ಬಂದವಳು. ನಗರದ ಮರಗಳನ್ನು ನೋಡಿಕೊಳ್ಳುವ ಈ ಕಚೇರಿಯಲ್ಲಿ ಇದು ಅವಳ ಮೊದಲ ವರದಿ. ಅಡಿಕೋಲು ಹಿಡಿದು ಎಲೆ ಅಳೆಯುತ್ತ ಬೀದಿ ಬೀದಿ ಸುತ್ತಿದ್ದಕ್ಕೆ ಜನ ಅವಳಿಗೆ 'ಎಲೆ ಮೇಡಂ' ಎಂದು ಹೆಸರಿಟ್ಟಿದ್ದರು.

ಬಿಸಿಲಿಗೆ ಕಾದ ಬೀದಿಗಳಲ್ಲಿ ಕಿರಿದಾದ ಎಲೆಯ ಮರಗಳೇ ಬದುಕುತ್ತವೆ ಎನ್ನುವುದು ವರದಿಯ ತಿರುಳು. ಮುಂದೆ ಎಲ್ಲಿ ಯಾವ ಸಸಿ ನೆಡಬೇಕೆಂದು ಇದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಯಾವ ಬೀದಿಯಲ್ಲಿ ಯಾವ ಮರ, ಯಾವ ಮರದ ಎಲೆ ಎಷ್ಟಗಲ, ಯಾವ ಬೀದಿಗೆ ಎಷ್ಟು ಬಿಸಿ ಎಂಬ ಮೂರು ಪಟ್ಟಿಗಳನ್ನು ಕಂಪ್ಯೂಟರಿಗೆ ಕೊಟ್ಟಿದ್ದಳು. ಅದು ಬೀದಿಗಳನ್ನೊಮ್ಮೆ, ಮರಗಳನ್ನೊಮ್ಮೆ ಇಸ್ಪೀಟಿನಂತೆ ಕಲಸಿ ಕಲಸಿ ನೋಡುತ್ತದೆ. ಸುಮ್ಮನೆ ಕಲಸಿದಾಗಲೂ ಬಿಸಿಗೂ ಎಲೆಯ ಅಗಲಕ್ಕೂ ಅಷ್ಟೇ ಗಟ್ಟಿ ನಂಟು ಪದೇ ಪದೇ ಕಂಡರೆ, ಅವಳು ಕಂಡದ್ದೂ ಬರೀ ಆಕಸ್ಮಿಕವಿರಬಹುದು. ಟ್ಯಾಕ್ಸಿ ಸ್ಟ್ಯಾಂಡಿನ ಬೀದಿಯನ್ನು ಬಿಟ್ಟರೆ ನಂಟು ಗಟ್ಟಿಯಾಗಿ ನಿಲ್ಲುತ್ತಿತ್ತು, ಸೇರಿಸಿದರೆ ಕುಸಿಯುತ್ತಿತ್ತು. ಇಡೀ ಊರಲ್ಲೇ ಅತಿ ಹೆಚ್ಚು ಕಾಯುವ ಆ ಬೀದಿಯಲ್ಲಿ, ಮೊರದಗಲದ ಎಲೆಯ ಮರಗಳು ಸಾಲಾಗಿ ನಗುತ್ತ ನಿಂತಿದ್ದವು.

"ಯಾಕೆ ಹೀಗೆ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ ಮೇಡಂ."

"ಹೋಗಿ ಬಾ. ಇಲ್ಲದಿದ್ರೆ ನಿನಗೆ ಊಟ ಸೇರಲ್ಲ."

ಬೀದಿಯಲ್ಲಿ ಟ್ಯಾಕ್ಸಿಗಳು ಮರಕ್ಕೊಂದರಂತೆ ನಿಂತಿದ್ದವು. ನರೆತ ಮೀಸೆಯ ಕಾರು ತೊಳೆಯುವವನು ಒಂದನ್ನು ಒರೆಸಿ ಮುಗಿಸಿ, ಬಕೆಟ್ಟಿನ ಕೊಳೆ ನೀರನ್ನು ಮರದ ಬುಡಕ್ಕೆ ಚೆಲ್ಲಿ, ಮುಂದಿನ ಕಾರಿಗೆ ಹೊರಟ.

"ದಿನಾ ಇಲ್ಲೇ ಚೆಲ್ತೀರಾ ಅಣ್ಣಾ?"

ಅವನು ಬಕೆಟ್ಟನ್ನು ಬೆನ್ನ ಹಿಂದೆ ಸರಿಸಿದ. "ಇನ್ನೆಲ್ಲಿ ಚೆಲ್ಲಲಿ ಎಲೆ ಮೇಡಂ? ಮೋರಿ ಆ ಕೊನೇಲಿದೆ, ನನ್ನ ಸೊಂಟ ಈ ಕೊನೇಲಿದೆ. ದಂಡ ಗಿಂಡ ಹಾಕ್ತೀರಾ?"

"ಇಲ್ಲಪ್ಪಾ! ಎಲ್ಲಾ ಮರಕ್ಕೂ ಚೆಲ್ತೀರಾ ಅಂತ ಕೇಳಿದೆ."

"ನೆರಳಿದೆ ಅಂತ ಕಾರು ನಿಲ್ಲುತ್ತೆ. ಕಾರು ನಿಂತಲ್ಲಿ ನಾನು."

ಅವಳು ತಲೆ ಎತ್ತಿ ನೋಡಿದಳು. ನೆರಳಿಗೆ ಕಾರು, ಕಾರಿಗೆ ನೀರು, ನೀರಿಗೆ ಮತ್ತೆ ನೆರಳು. ಅವಳ ಪಟ್ಟಿಯಲ್ಲಿ ಮರವಿತ್ತು, ಎಲೆಯಿತ್ತು, ಬಿಸಿಯಿತ್ತು. ಬಕೆಟ್ ಇರಲಿಲ್ಲ. ಉಳಿದ ಬೀದಿಗಳಲ್ಲಿ ಯಾರ್ಯಾರು ಏನೇನು ಚೆಲ್ಲುತ್ತಾರೋ, ಅದನ್ನೂ ತಾನು ಕೇಳಿರಲಿಲ್ಲ. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದಳು.

"ಬೀದಿ ತೆಗೆಯೋಕಾಗಲ್ಲ ಮೇಡಂ. ನಮ್ಮ ಪಟ್ಟಿಯೇ ಅರ್ಧ." ನೋಡಿದ್ದನ್ನೆಲ್ಲ ಹೇಳಿದಳು.

"ಮತ್ತೆ ಎಲ್ಲಾ ಬೀದಿ ಸುತ್ತಬೇಕಾಗುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ."

"ಸರಿ, ಚಪ್ಪಲಿ ಸವೆಸೋಳು ನೀನು. ವರದಿ ತಡ ಅಂತ ಮೇಲಿನವರ ಹತ್ರ ಬೈಸಿಕೊಳ್ಳೋಳು ನಾನು."

ಅವಳಿಗೆ ಉಸಿರು ಬಂತು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಕಾರು ತೊಳೆಯುವವನ ಮುಖ ಮಾತ್ರ ಸಣ್ಣಗಾಗಿತ್ತು.

"ನನ್ನಿಂದ ನಿಮ್ಮ ಲೆಕ್ಕ ಕೆಟ್ಟಿತಾ?"

"ಹಾಗೇನಿಲ್ಲ ಅಣ್ಣಾ. ಇಲ್ಲಿ ಈ ಮರಗಳು ಇರಬಾರದಿತ್ತು ಅನ್ನುತ್ತೆ ಲೆಕ್ಕ. ನೀವಿದ್ದೀರಿ ಅಂತ ಇವೆ."

"ಅಷ್ಟೇ ತಾನೇ? ಬಿಡಿ." ಅವನು ಅವಳನ್ನು ಸಮಾಧಾನಪಡಿಸುವಂತೆ ಹೇಳಿದ. "ಮುಂದಿನ ತಿಂಗಳು ಸ್ಟ್ಯಾಂಡನ್ನ ಬೇರೆ ಕಡೆ ಹಾಕ್ತಾರಂತೆ. ನಾನೂ ಅದರ ಹಿಂದೇನೇ. ನೀರು ಚೆಲ್ಲೋರು ಇರಲ್ಲ, ಬರೋ ಬೇಸಿಗೆ ಹೊತ್ತಿಗೆ ನಿಮ್ಮ ಲೆಕ್ಕ ತಾನಾಗೇ ಸರಿಹೋಗುತ್ತೆ."

ಮೇಲಿನಿಂದ ಒಂದು ಎಲೆ ಕಾರಿನ ಬಾನೆಟ್ಟಿನ ಮೇಲೆ ಬಿತ್ತು. ಲೆಕ್ಕ ಕೆಡಬಾರದೆಂದು, ಅಳೆಯುವ ಎಲೆಗೆ ಕೈ ಸೋಕಿಸುವುದಕ್ಕೂ ಹಿಂದೆ ಮುಂದೆ ನೋಡುವ ಹುಡುಗಿ ಅವಳು. ಈಗ ಅಡಿಕೋಲನ್ನು ಚೀಲದೊಳಗಿಟ್ಟು, ಖಾಲಿ ಬಕೆಟ್ಟಿನತ್ತ ಬಗ್ಗಿದಳು.

"ಅಣ್ಣಾ, ನಲ್ಲಿ ಎಲ್ಲಿದೆ ತೋರಿಸಿ."