ಎಬ್ಬಿಸುವ ಮೊದಲೇ ಎದ್ದಿದ್ದ ಕಂಪ್ಯೂಟರ್

ಮರೆತ ಫೈಲೊಂದಕ್ಕಾಗಿ, ಬಿಟಿಎಂ ಲೇಔಟಿನ ಆಫೀಸಿನಲ್ಲಿ ಕೂತೇ ತ್ಯಾಗರಾಜನಗರದ ಮನೆಯ ಕಂಪ್ಯೂಟರನ್ನು ಇಂಟರ್‌ನೆಟ್ಟಿನ ಮೂಲಕ ಎಬ್ಬಿಸಹೊರಟ ಸುರಭಿ ದಂಗಾದಳು. ಅದು ಆಗಲೇ ಎದ್ದಿತ್ತು. ಆಫೀಸಿನಲ್ಲೇ ಕಾಣುತ್ತಿದ್ದ ಅದರ ಪರದೆಯ ತುಂಬ ಅವಳ ಡೈರಿ. ಪುಟ ತಾನೇ ತಾನಾಗಿ ಸರಿಯುತ್ತಿತ್ತು. ನೋಡನೋಡುತ್ತಲೇ ಅಕ್ಷರಗಳು ಹಲಸಿನ ಬೀಜದಷ್ಟು ದಪ್ಪಗಾದವು. ಮೊಬೈಲಿನಲ್ಲೂ ಹಾಗೆ ದಪ್ಪ ಮಾಡಿಕೊಂಡು ಓದುವವರು ಅಪ್ಪ ಒಬ್ಬರೇ. "ನಂಗೆ ಈ ಕಂಪ್ಯೂಟರೆಲ್ಲ ಬರಲ್ಲಮ್ಮ" ಎಂದು ರೈಲು ಟಿಕೆಟನ್ನೂ ಅವಳಿಂದಲೇ ಮಾಡಿಸುವ ಅಪ್ಪ!

ಅವರೆದುರು ಎಂದೂ ದನಿಯೆತ್ತದವಳಿಗೆ ಸಿಟ್ಟು ಬಂತು. ಆ ಪುಟದಲ್ಲೇ ಬರೆದಳು: "ಅಪ್ಪಾ, ಅದು ನನ್ನ ಡೈರಿ. ಮುಚ್ಚಿ."

ಪುಟ ಗಕ್ಕನೆ ನಿಂತಿತು. ಕೆಳಗೆ ಒಂದೊಂದೇ ಅಕ್ಷರ ಮೂಡಿತು: "ನಾನಲ್ಲಮ್ಮ."

"ಟೈಪಿಂಗ್ ಯಾವಾಗ ಕಲಿತ್ರಿ?" ಎಂದು ಕುಟ್ಟಿ, ಉತ್ತರ ಬರುವ ಮೊದಲೇ ಕೂತಲ್ಲಿಂದಲೇ ಮನೆಯ ಕಂಪ್ಯೂಟರನ್ನು ಆರಿಸಿಬಿಟ್ಟಳು.